ಕ್ಲರ್ಕೆನ್‌ವೆಲ್ಲಿನ ಉಮೇದುವಾರ: ದಾದಾಭಾಯಿ ನವರೋಜಿ ಮತ್ತು 3 ಮತಗಳ ಗೆಲುವು

1892ರ ಜುಲೈ ತಿಂಗಳಲ್ಲಿ ನಡೆದ ಬ್ರಿಟನ್ನಿನ ಮಹಾಚುನಾವಣೆಯಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಲಿಬರಲ್ ಪಕ್ಷದ ದಾದಾಭಾಯಿ ನವರೋಜಿಯವರು ಗೆದ್ದರು. ಅಂತಿಮವಾಗಿ ನಿಂತ ಲೆಕ್ಕದಂತೆ ಅವರಿಗೆ ಬಿದ್ದ ಮತ 2,959. ಕನ್ಸರ್ವೇಟಿವ್ ಪಕ್ಷದ ಹಾಲಿ ಸದಸ್ಯ ಕ್ಯಾಪ್ಟನ್ ಫ್ರೆಡರಿಕ್ ಥಾಮಸ್ ಪೆಂಟನ್ನರಿಗೆ ಬಿದ್ದದ್ದು 2,956. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಂಗತಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಮೊದಲ ಭಾರತೀಯ. (ಭಾರತೀಯ ರಕ್ತಸಂಬಂಧವಿದ್ದ ಡೈಸ್ ಸೋಂಬರ್ ಎಂಬಾತ 1841ರಲ್ಲೇ ಸಡ್ಬರಿಯಿಂದ ಗೆದ್ದಿದ್ದ, ಲಂಚದ ಕಾರಣಕ್ಕೆ ಮರುವರ್ಷ ಆ ಆಯ್ಕೆ ರದ್ದಾಯಿತು.) ಆ ಒಂದು ಸಾಲನ್ನು ವಿಸ್ತರಿಸಿ ಹೇಳುವವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಹೇಳುತ್ತಾರೆ. ಇಂಗ್ಲಿಷ್ ಮತದಾರರ ಉದಾರ ಮನಸ್ಸು ಅವರನ್ನು ಗೆಲ್ಲಿಸಿತು ಎನ್ನುವುದು ಒಂದು. ಅವರನ್ನು ಕರಿಯ ಎಂದು ಹೀಯಾಳಿಸಿದ ಪ್ರಧಾನಿ ಲಾರ್ಡ್ ಸಾಲ್ಸ್‌ಬರಿಗೆ ಜನ ಕಲಿಸಿದ ಪಾಠ ಅದು ಎನ್ನುವುದು ಇನ್ನೊಂದು. ಎರಡರಲ್ಲೂ ನವರೋಜಿಯವರು ಏನು ಮಾಡಿದರು ಎಂಬುದೇ ಕಾಣುವುದಿಲ್ಲ. ಬೇರೆಯವರ ಔದಾರ್ಯ, ಬೇರೆಯವರ ಅವಮಾನ ಇವೆರಡರ ನಡುವೆ ಅವರು ಸುಮ್ಮನೆ ನಿಂತಿದ್ದಂತೆ ತೋರುತ್ತದೆ. ದಾಖಲೆಗಳು ಹೇಳುವುದು ಬೇರೆ. ಸೆಂಟ್ರಲ್ ಫಿನ್ಸ್‌ಬರಿಯನ್ನು ಗೆದ್ದದ್ದು ಅರವತ್ತು ದಾಟಿದ ಒಬ್ಬ ಸ್ಥಳೀಯ ಅಭ್ಯರ್ಥಿಯ ನಾಲ್ಕು ವರ್ಷಗಳ ಕ್ಷೇತ್ರದ ದುಡಿಮೆ. ಅದನ್ನು ಇಲ್ಲಿ ಸಾಧಿಸಿ ತೋರಿಸಬೇಕೆಂದಿದ್ದೇನೆ.

ನವರೋಜಿಯವರಿಗೆ ಲಂಡನ್ ಹೊಸದೇನಲ್ಲ. 1825ರಲ್ಲಿ ಹುಟ್ಟಿದ ಅವರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದು, 1855ರಲ್ಲಿ ಕಾಮಾ ಕುಟುಂಬದ ವ್ಯಾಪಾರದ ಪಾಲುದಾರರಾಗಿ ಇಂಗ್ಲೆಂಡಿಗೆ ಹೋದವರು. 1866ರಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ ಕಟ್ಟಿದರು. ಬರೋಡ ಸಂಸ್ಥಾನದ ದಿವಾನಗಿರಿ ಮಾಡಿದರು. ಭಾರತದ ಸಂಪತ್ತು ವರ್ಷವರ್ಷವೂ ಬ್ರಿಟನ್ನಿಗೆ ಹೇಗೆ ಸೋರಿಹೋಗುತ್ತಿದೆ ಎಂಬುದನ್ನು ಅಂಕಿಅಂಶಗಳಿಟ್ಟು ವಾದಿಸಿದರು. ಭಾರತದ ಬಜೆಟ್ಟು, ಸೈನ್ಯದ ಖರ್ಚು, ಸಿವಿಲ್ ಸರ್ವಿಸ್ ಪರೀಕ್ಷೆ ಎಲ್ಲದರ ಕೊನೆಯ ತೀರ್ಮಾನ ವೆಸ್ಟ್‌ಮಿನ್‌ಸ್ಟರಿನಲ್ಲಿ ಆಗುತ್ತಿದ್ದಾಗ, ಅಲ್ಲಿ ಭಾರತದ ಪರವಾಗಿ ಹಕ್ಕಿನಿಂದ ಎದ್ದು ನಿಲ್ಲುವ ಒಬ್ಬ ಭಾರತೀಯನಾದರೂ ಇರಬೇಕು ಎಂಬುದು ಅವರ ನಿಶ್ಚಯ. ಬಂಗಾಳದ ವಕೀಲ ಲಾಲ್‌ಮೋಹನ್ ಘೋಷ್ 1885ರಲ್ಲಿ ಡೆಪ್ಟ್‌ಫರ್ಡಿನಿಂದ ಸ್ಪರ್ಧಿಸಿ ಸೋತಿದ್ದರು. ಮರುವರ್ಷದ ವಸಂತದಲ್ಲಿ ನವರೋಜಿ ಲಂಡನ್ನಿಗೆ ಬಂದಿಳಿದರು.

ಬಂದ ಕೆಲವೇ ತಿಂಗಳಲ್ಲಿ ಐರ್ಲೆಂಡಿನ ಸ್ವಯಮಾಡಳಿತದ ಮಸೂದೆ ಬಿದ್ದು, ಗ್ಲಾಡ್‌ಸ್ಟನ್ ಸರ್ಕಾರವೂ ಬಿದ್ದು, ಚುನಾವಣೆ ಎದುರಾಯಿತು. ಲಿಬರಲ್ ಪಕ್ಷ ಅವರಿಗೆ ಹೋಬರ್ನ್ ಕ್ಷೇತ್ರವನ್ನು ಕೊಟ್ಟಿತು. ಅದು ಕನ್ಸರ್ವೇಟಿವರು ಭದ್ರವಾಗಿ ಬೇರೂರಿದ್ದ ಜಾಗ. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ವಾರ. ಹಿತೈಷಿಗಳ ಮಾತಿಗೆ ಒಪ್ಪಿ ಪಾರ್ಸಿ ಪೇಟವನ್ನು ಬಿಟ್ಟು ಇಂಗ್ಲಿಷ್ ಟೋಪಿ ಹಾಕಿಕೊಂಡರು, ಸಭೆಗಳಲ್ಲಿ ಮಾತಾಡಿದರು, ಚಪ್ಪಾಳೆಯನ್ನೂ ಗಿಟ್ಟಿಸಿದರು. ಎಣಿಕೆ ಮುಗಿದಾಗ ಕರ್ನಲ್ ಫ್ರಾನ್ಸಿಸ್ ಡಂಕನ್ನರಿಗೆ 3,651, ನವರೋಜಿಯವರಿಗೆ 1,950. ಚಲಾವಣೆಯಾದ ಮತಗಳಲ್ಲಿ ಶೇ. 35ರಷ್ಟು. ಆ ಕಾಲದ ಮಟ್ಟಿಗೆ ಇದು ನಾಚಿಕೆಪಡುವಂಥ ಸೋಲಾಗಿರಲಿಲ್ಲ. ಆ ವರ್ಷ ದೇಶದ ತುಂಬ ಲಿಬರಲರು ನೆಲಕಚ್ಚಿದ್ದರು. ಆದರೂ ಒಳ್ಳೆಯ ಭಾಷಣ, ಒಳ್ಳೆಯ ಹೆಸರು, ದೊಡ್ಡವರ ಶಿಫಾರಸು ಇಷ್ಟರಿಂದಲೇ ಕ್ಷೇತ್ರ ದಕ್ಕುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ನವರೋಜಿ ಅದನ್ನು ಬೇಗ ಗ್ರಹಿಸಿದರು ಎನ್ನುವುದಕ್ಕೆ ಅವರ ಮುಂದಿನ ನಡೆಯೇ ಸಾಕ್ಷಿ.

ಆ ನಡೆ ಅರ್ಥವಾಗಬೇಕಾದರೆ ಅಂದಿನ ಬ್ರಿಟನ್ನಿನ ಮತದಾರರ ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1884ರ ಸುಧಾರಣೆಯ ನಂತರವೂ ಹೆಂಗಸರಿಗೆ ಸಂಸತ್ ಚುನಾವಣೆಯಲ್ಲಿ ಮತ ಇರಲಿಲ್ಲ. ವಯಸ್ಕ ಗಂಡಸರಲ್ಲಿಯೂ ಸುಮಾರು ಹತ್ತರಲ್ಲಿ ನಾಲ್ವರು ಪಟ್ಟಿಯ ಹೊರಗೇ ಉಳಿಯುತ್ತಿದ್ದರು. ಮನೆ ಹಿಡಿದವನಿಗೆ ಹಕ್ಕು ಇತ್ತು, ಆದರೆ ಜುಲೈ 15ಕ್ಕೆ ಸರಿಯಾಗಿ ಹನ್ನೆರಡು ತಿಂಗಳು ವಾಸವಿದ್ದಿರಬೇಕು. ಬಡವರ ನಿಧಿಯಿಂದ ನೆರವು ಪಡೆದಿದ್ದರೆ ಹೆಸರು ಹಾರಿಹೋಗುತ್ತಿತ್ತು. ಇನ್ನೊಬ್ಬರ ಮನೆಯಲ್ಲಿ ಕೋಣೆ ಬಾಡಿಗೆಗೆ ಹಿಡಿದ ಲಾಡ್ಜರ್‌ಗಳ ಪಾಡು ಇನ್ನೂ ಕಷ್ಟ. ಪೀಠೋಪಕರಣ ಬಿಟ್ಟು ಕೋಣೆಯ ಬೆಲೆ ವರ್ಷಕ್ಕೆ 10 ಪೌಂಡ್ ಇರಬೇಕು, ವರ್ಷವಿಡೀ ಅದೇ ಮನೆಯಲ್ಲಿ ಇದ್ದಿರಬೇಕು, ಮೇಲಾಗಿ ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು. ಆಗಸ್ಟ್ ಮೊದಲಿಗೆ ಪಟ್ಟಿ ಪ್ರಕಟವಾಗುತ್ತಿತ್ತು. ಕೆಲವೇ ದಿನಗಳಲ್ಲಿ ಹಕ್ಕು ಸಲ್ಲಿಕೆ, ಆಕ್ಷೇಪಣೆ ಎರಡೂ ಮುಗಿಯಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಪಟ್ಟಿ ಪರಿಷ್ಕರಿಸುವ ನ್ಯಾಯವಾದಿಯ ಮುಂದೆ ಒಂದೊಂದೇ ಹೆಸರಿನ ವಿಚಾರಣೆ. ಅಲ್ಲಿ ಎರಡೂ ಪಕ್ಷದ ಏಜೆಂಟರು ಹಾಜರಿದ್ದು, ತಮ್ಮವನ ಹೆಸರು ಸೇರಿಸಲು ಬಾಡಿಗೆ ಚೀಟಿ ತೋರಿಸುತ್ತಿದ್ದರು. ಎದುರು ಪಕ್ಷದವನ ಹೆಸರು ತೆಗೆಸಲು ಅವನು ಮನೆ ಬದಲಿಸಿದ ತಾರೀಖು ಹುಡುಕಿ ತರುತ್ತಿದ್ದರು. ತನ್ನ ಏಜೆಂಟನಿಲ್ಲದ ಪಕ್ಷದ ಬೆಂಬಲಿಗರ ಹೆಸರು ಯಾವ ಗಲಾಟೆಯೂ ಇಲ್ಲದೆ ಅಳಿಸಿಹೋಗುತ್ತಿತ್ತು. ಈ ಪಟ್ಟಿ ಜನವರಿ 1ರಿಂದ ಜಾರಿ. ಹಾಗಾಗಿ 1892ರ ಜುಲೈನಲ್ಲಿ ಮತ ಹಾಕಿದ ಲಾಡ್ಜರ್ ಒಬ್ಬ 1890ರ ಜುಲೈಯಿಂದ 1891ರ ಜುಲೈವರೆಗೆ ಅದೇ ಕೋಣೆಯಲ್ಲಿ ಇದ್ದು, 1891ರ ಬೇಸಿಗೆಯಲ್ಲಿ ಅರ್ಜಿ ತುಂಬಿ, ಶರತ್ಕಾಲದಲ್ಲಿ ಆಕ್ಷೇಪಣೆ ದಾಟಿ ಬಂದವನಾಗಿರಬೇಕು. ಮತ ಬೀಳುವ ಹತ್ತು ತಿಂಗಳು ಮೊದಲೇ ಅರ್ಧ ಚುನಾವಣೆ ಮುಗಿದಿರುತ್ತಿತ್ತು. ಹೋಬರ್ನಿನಲ್ಲಿ ಕೆಲವು ವಾರಗಳ ಅಭ್ಯರ್ಥಿಗೆ ಈ ಅರ್ಧದಲ್ಲಿ ಪಾಲೇ ಇರಲಿಲ್ಲ.

ಖರ್ಚಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಚುನಾವಣಾ ಭ್ರಷ್ಟಾಚಾರ ತಡೆಯಲು 1883ರಲ್ಲಿ ಬಂದ ಕಾಯ್ದೆ ಪ್ರಚಾರದ ವೆಚ್ಚಕ್ಕೆ ಮಿತಿ ಹಾಕಿತು, ಮತದಾರರನ್ನು ಬಾಡಿಗೆ ಗಾಡಿಯಲ್ಲಿ ತರುವುದನ್ನು ನಿಷೇಧಿಸಿತು. ಆದರೆ ಎರಡು ಚುನಾವಣೆಗಳ ನಡುವಿನ ವರ್ಷಗಳಲ್ಲಿ ಕ್ಷೇತ್ರವನ್ನು ಸಾಕುವ ಖರ್ಚು, ಅಂದರೆ ಸಂಘದ ಕಚೇರಿಯ ಬಾಡಿಗೆ, ಏಜೆಂಟನ ಸಂಬಳ, ಪಟ್ಟಿಯ ಕೆಲಸ, ಸ್ಥಳೀಯ ಕ್ಲಬ್ಬುಗಳ ವಂತಿಗೆ, ಈ ಮಿತಿಯ ಹೊರಗೇ ಉಳಿಯಿತು. ಚುನಾವಣಾಧಿಕಾರಿಯ ವೆಚ್ಚವನ್ನೂ ಅಭ್ಯರ್ಥಿಗಳೇ ಹಂಚಿಕೊಂಡು ಭರಿಸಬೇಕಿತ್ತು. ಗೆದ್ದರೂ ಸಂಬಳವಿಲ್ಲ, ಸಂಸತ್ ಸದಸ್ಯರಿಗೆ ವೇತನ ಬಂದದ್ದು 1911ರಲ್ಲಿ. ಭೂಮಾಲೀಕರಿಗೂ ಕಾರ್ಖಾನೆ ಒಡೆಯರಿಗೂ ಹೇಳಿಮಾಡಿಸಿದ ಈ ವ್ಯವಸ್ಥೆಯೊಳಗೆ ನವರೋಜಿ ತಮ್ಮ ಉಳಿತಾಯವನ್ನೂ ಗೊಂಡಲ್ ಸಂಸ್ಥಾನದ ದೊರೆಯಂಥ ಭಾರತೀಯ ಸ್ನೇಹಿತರ ನೆರವನ್ನೂ ನೆಚ್ಚಿಕೊಂಡು ಇಳಿದರು.

ಅವರ ಕೈಗೆ ಬಂದ ಕ್ಷೇತ್ರ 1885ರ ಮರುವಿಂಗಡಣೆಯಲ್ಲಿ ಹುಟ್ಟಿದ್ದು. ಕ್ಲರ್ಕೆನ್‌ವೆಲ್ ಅದರ ಹೃದಯ. ಗಡಿಯಾರ ಮಾಡುವವರು, ಚಿನ್ನಬೆಳ್ಳಿ ಕೆಲಸದವರು, ಮುದ್ರಣದವರು, ಪುಸ್ತಕ ಕಟ್ಟುವವರು ಕಿಕ್ಕಿರಿದಿದ್ದ ಬೀದಿಗಳು. ಒಬ್ಬ ಚಕ್ರ ಕೊರೆದರೆ, ಮತ್ತೊಬ್ಬ ಮುಳ್ಳು ಮಾಡುತ್ತಿದ್ದ, ಮೂರನೆಯವನು ಕವಚ ಕೂಡಿಸುತ್ತಿದ್ದ. ಮನೆಯ ಮಹಡಿಯ ಕೋಣೆಗಳೇ ಕಾರ್ಖಾನೆಗಳು. ಸ್ವಿಟ್ಜರ್ಲೆಂಡ್, ಅಮೆರಿಕದಿಂದ ಅಗ್ಗದ ಗಡಿಯಾರಗಳು ಬರತೊಡಗಿ ಈ ಕಸುಬು ಕುಗ್ಗುತ್ತಿತ್ತು. ಕ್ಲರ್ಕೆನ್‌ವೆಲ್ ಗ್ರೀನ್ ಎಂಬ ಬಯಲು ಲಂಡನ್ನಿನ ಪ್ರಗತಿಪರರ ಸಭಾಸ್ಥಳವಾಗಿತ್ತು. ಅದರ ಅಂಚಿನಲ್ಲೇ ಕೆಲಸಗಾರರ ಪೇಟ್ರಿಯಾಟಿಕ್ ಕ್ಲಬ್ ಇತ್ತು. ಎದುರಾಳಿಯ ಮನೆತನದ ಹೆಸರು ಊರಿನ ನೆಲಕ್ಕೇ ಅಂಟಿತ್ತು: ಪೆಂಟನ್‌ವಿಲ್ ಬಡಾವಣೆ ಪೆಂಟನ್ನರ ಪೂರ್ವಿಕರ ಜಮೀನಿನಲ್ಲಿ ಎದ್ದದ್ದು. ಒಂದು ಕಡೆ ಜಮೀನಿನ ಒಡೆಯ, ಇನ್ನೊಂದು ಕಡೆ ಏಳು ಸಮುದ್ರದಾಚೆಯಿಂದ ಬಂದವನು. ಸ್ಥಳೀಯ ಅಭ್ಯರ್ಥಿ ಎಂಬ ಹೆಸರಿಗೆ ಹುಟ್ಟಿನಿಂದ ಯಾರು ಅರ್ಹರು ಎಂದು ಕೇಳಿದರೆ ಉತ್ತರ ಪೆಂಟನ್ನರ ಕಡೆಗೇ ಹೋಗುತ್ತಿತ್ತು.

1888ರ ಬೇಸಿಗೆಯಲ್ಲಿ ಸೆಂಟ್ರಲ್ ಫಿನ್ಸ್‌ಬರಿಯ ಲಿಬರಲ್ ಮತ್ತು ರ‍್ಯಾಡಿಕಲ್ ಸಂಘ ಹಲವು ಆಕಾಂಕ್ಷಿಗಳ ನಡುವೆ ನವರೋಜಿಯವರನ್ನು ಆರಿಸಿತು. ಅಷ್ಟಕ್ಕೇ ದಾರಿ ಸುಗಮವಾಗಲಿಲ್ಲ. ಹಿಂದೆ ಬಿದ್ದ ರಿಚರ್ಡ್ ಈವ್ ಆಯ್ಕೆಯ ವಿಧಾನವೇ ಸರಿಯಿಲ್ಲ ಎಂದು ತಕರಾರು ತೆಗೆದರು. ಅವರ ಬೆಂಬಲಿಗರು ಬೇರೆ ಗುಂಪು ಕಟ್ಟಿದರು. ಬಂಡಾಯ ಅಭ್ಯರ್ಥಿ ಎಂದರೆ ಏನೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಪಕ್ಷದ ಕೇಂದ್ರ ಸಂಘಟನೆ ಸಂಘದ ತೀರ್ಮಾನವನ್ನು ಎತ್ತಿಹಿಡಿಯುವ ಬದಲು ರಾಜಿ, ಪಂಚಾಯಿತಿ ಎಂದು ಕಾಲ ತಳ್ಳಿತು. ವರ್ಷಗಟ್ಟಲೆ ಎಳೆದ ಈ ಜಗಳದಲ್ಲಿ ಹಿಂದೆ ಸರಿಯಿರಿ ಎಂಬ ಒತ್ತಡ ನವರೋಜಿಯವರ ಮೇಲೆಯೇ ಬಿತ್ತು. ನನ್ನನ್ನು ಆರಿಸಿದ್ದು ಸಂಘ, ಸಂಘ ಬೇಡವೆಂದರೆ ಹೋಗುತ್ತೇನೆ, ಮೇಲಿನವರು ಬೇಡವೆಂದರೆ ಹೋಗುವುದಿಲ್ಲ ಎಂಬುದು ಅವರ ಪಟ್ಟಿನ ತಿರುಳು. ನನ್ನ ದೃಷ್ಟಿಯಲ್ಲಿ ಇಡೀ ಹೋರಾಟದ ತಿರುವು ಇದೇ. ಸ್ವಂತ ಪಕ್ಷದ ದೊಡ್ಡವರು ಕೈಬಿಟ್ಟಾಗ ಅವರ ಬೆನ್ನಿಗಿದ್ದದ್ದು ಕ್ಲರ್ಕೆನ್‌ವೆಲ್ಲಿನ ಸಾಮಾನ್ಯ ಕಾರ್ಯಕರ್ತರು.

ಈ ಜಗಳ ಕುದಿಯುತ್ತಿದ್ದಾಗಲೇ ಸಾಲ್ಸ್‌ಬರಿ ಬಾಯಿಬಿಟ್ಟರು. ಹೋಬರ್ನಿನ ಕರ್ನಲ್ ಡಂಕನ್ ತೀರಿಕೊಂಡು 1888ರ ನವೆಂಬರಿನಲ್ಲಿ ಉಪಚುನಾವಣೆ ನಡೆದಿತ್ತು. ಕನ್ಸರ್ವೇಟಿವರು ಗೆದ್ದರೂ ಅಂತರ ತಗ್ಗಿತ್ತು. ಅದಕ್ಕೆ ಸಮಜಾಯಿಷಿ ಕೊಡುತ್ತ ಎಡಿನ್‌ಬರೋದ ಸಭೆಯಲ್ಲಿ ಪ್ರಧಾನಿಗಳು, ಹಿಂದಿನ ಸಲ ಡಂಕನ್ನರ ಎದುರಿಗಿದ್ದವನು ಒಬ್ಬ ಕರಿಯ, ಕರಿಯನನ್ನು ಆರಿಸುವ ಮಟ್ಟಕ್ಕೆ ಬ್ರಿಟಿಷ್ ಕ್ಷೇತ್ರವೊಂದು ಇನ್ನೂ ಬಂದಿದೆಯೆಂದು ತಮಗೆ ಅನಿಸುವುದಿಲ್ಲ ಎಂಬರ್ಥದ ಮಾತಾಡಿದರು. ದೇಶದ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಗ್ಲಾಡ್‌ಸ್ಟನ್ ಖಂಡಿಸಿದರು. ಮೈಬಣ್ಣದಲ್ಲಿ ಸಾಲ್ಸ್‌ಬರಿಗಿಂತ ನವರೋಜಿಯೇ ಬೆಳ್ಳಗಿದ್ದಾರೆ ಎಂದು ಹಲವರು ಬರೆದರು. ಆ ಉತ್ತರ ಸಾಲ್ಸ್‌ಬರಿಯ ಮಾತಿಗಿಂತ ಹೆಚ್ಚು ಆರೋಗ್ಯಕರವಾಗಿರಲಿಲ್ಲ; ಬಣ್ಣದಿಂದ ಮನುಷ್ಯನನ್ನು ಅಳೆಯುವುದನ್ನು ಅದೂ ಒಪ್ಪಿಕೊಂಡೇ ಮಾತಾಡುತ್ತಿತ್ತು. 1889ರ ಜನವರಿಯಲ್ಲಿ ನ್ಯಾಷನಲ್ ಲಿಬರಲ್ ಕ್ಲಬ್ಬಿನಲ್ಲಿ, ಭಾರತದ ವೈಸರಾಯ್ ಆಗಿದ್ದ ಲಾರ್ಡ್ ರಿಪನ್ನರ ಅಧ್ಯಕ್ಷತೆಯಲ್ಲಿ ನವರೋಜಿಯವರಿಗೆ ಔತಣಕೂಟ ನಡೆಯಿತು. ಅಲ್ಲಿಯವರೆಗೆ ಲಂಡನ್ನಿನ ಒಂದು ಮೂಲೆಯಲ್ಲಿ ಮಾತ್ರ ಗೊತ್ತಿದ್ದ ಹೆಸರು ನಾಡಿಗೆಲ್ಲ ಗೊತ್ತಾಯಿತು.

ಮುಂದಿನ ಮೂರು ವರ್ಷಗಳ ದಿನಚರಿ ಅಷ್ಟು ಕಣ್ಣು ಕೋರೈಸುವಂಥದ್ದಲ್ಲ. ಕ್ಲಬ್ಬುಗಳಲ್ಲಿ, ಚರ್ಚಿನ ಸಭಾಂಗಣಗಳಲ್ಲಿ, ಕಾರ್ಮಿಕ ಸಂಘಗಳ ಕೂಟಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು, ಪತ್ರಗಳಿಗೆ ಉತ್ತರಿಸುವುದು, ಮನೆ ಮನೆಗೆ ಹೋಗುವ ಕಾರ್ಯಕರ್ತರನ್ನು ಹುರಿದುಂಬಿಸುವುದು, ಪಟ್ಟಿಯ ಕೆಲಸಕ್ಕೆ ದುಡ್ಡು ಹೊಂದಿಸುವುದು. ಪ್ರಚಾರದಲ್ಲಿ ಅವರು ಎತ್ತಿಕೊಂಡ ವಿಷಯಗಳು ಆ ಬೀದಿಯವರ ವಿಷಯಗಳೇ: ದಿನಕ್ಕೆ ಎಂಟು ಗಂಟೆಯ ದುಡಿಮೆ, ಲಂಡನ್ ನಗರಾಡಳಿತದ ಸುಧಾರಣೆ, ಉಚಿತ ಶಿಕ್ಷಣ, ಹೆಂಗಸರಿಗೆ ಮತದ ಹಕ್ಕು. ಫ್ಲಾರೆನ್ಸ್ ನೈಟಿಂಗೇಲ್ ಅವರ ಪರವಾಗಿ ಪತ್ರ ಬರೆದರು. ಐರ್ಲೆಂಡಿನ ಸ್ವಯಮಾಡಳಿತವನ್ನು ಅವರು ಯಾವ ಮುಚ್ಚುಮರೆಯೂ ಇಲ್ಲದೆ ಬೆಂಬಲಿಸಿದರು. ಇದು ಕ್ಲರ್ಕೆನ್‌ವೆಲ್ಲಿನಲ್ಲಿ ಸುಲಭದ ಮಾತಾಗಿರಲಿಲ್ಲ. 1867ರ ಡಿಸೆಂಬರಿನಲ್ಲಿ ಐರಿಷ್ ಕ್ರಾಂತಿಕಾರರು ತಮ್ಮವನೊಬ್ಬನನ್ನು ಬಿಡಿಸಲು ಅಲ್ಲಿನ ಬಂದೀಖಾನೆಯ ಗೋಡೆಗೆ ಸಿಡಿಮದ್ದಿಟ್ಟು, ಎದುರಿನ ಸಾಲುಮನೆಗಳು ಕುಸಿದು ಹನ್ನೆರಡು ಮಂದಿ ಸತ್ತಿದ್ದರು. ಅದನ್ನು ಕಣ್ಣಾರೆ ಕಂಡವರು ಇನ್ನೂ ಆ ಬೀದಿಗಳಲ್ಲೇ ಬದುಕಿದ್ದರು. ಆದರೂ ಐರ್ಲೆಂಡಿಗೆ ನ್ಯಾಯ ಸಿಗಬೇಕೆಂದು ಅಲ್ಲಿಯೇ ನಿಂತು ವಾದಿಸಿದ ಅಭ್ಯರ್ಥಿಯನ್ನು ಮತಕ್ಕಾಗಿ ನಾಲಿಗೆ ಹೊರಳಿಸಿದವನು ಎನ್ನಲಾಗದು. ಇನ್ನು ಭಾರತದ ವಿಷಯ ಬಂದಾಗ, ಬಡ ಭಾರತ ಬ್ರಿಟಿಷ್ ಕೆಲಸಗಾರನ ಸರಕನ್ನು ಕೊಳ್ಳಲಾರದು, ಭಾರತೀಯನ ಜೇಬಿನಲ್ಲಿ ನಾಲ್ಕು ಕಾಸಿದ್ದರೆ ನಿಮ್ಮ ಕೈಗೂ ಕೆಲಸ ಇರುತ್ತದೆ ಎಂಬುದು ಅವರು ಬಹುಕಾಲದಿಂದ ಮಂಡಿಸುತ್ತಿದ್ದ ವಾದ. ಕಸುಬು ಕೈಜಾರುತ್ತಿದ್ದ ಗಡಿಯಾರದ ಕೆಲಸಗಾರನಿಗೆ ಇದು ದೂರದ ದೇಶದ ದಾನಧರ್ಮದ ಮಾತಾಗಿ ಕೇಳಿಸಿರಲಾರದು.

ಅವರ ಜೊತೆಗಿದ್ದವರಲ್ಲಿ ವಿಲಿಯಂ ಡಿಗ್ಬಿಯವರನ್ನು ಕನ್ನಡಿಗರು ನೆನೆಯಬೇಕು. ಮದರಾಸಿನಲ್ಲಿ ಪತ್ರಿಕಾ ಸಂಪಾದಕರಾಗಿದ್ದ ಡಿಗ್ಬಿ, ಮೈಸೂರು ಸೀಮೆಯನ್ನೂ ದಕ್ಷಿಣದ ಜಿಲ್ಲೆಗಳನ್ನೂ ಹಿಂಡಿದ 1876-78ರ ಬರಗಾಲದಲ್ಲಿ ಪರಿಹಾರ ಸಮಿತಿಯ ಕಾರ್ಯದರ್ಶಿಯಾಗಿ ದುಡಿದವರು. ಆ ಬರದ ಬಗ್ಗೆ ಎರಡು ಸಂಪುಟಗಳಲ್ಲಿ ಬರೆದವರು. ಇಂಗ್ಲೆಂಡಿಗೆ ಮರಳಿ ಲಿಬರಲ್ ಸಂಘಟನೆಯ ಒಳಹೊರಗನ್ನು ಬಲ್ಲವರಾಗಿ, ಭಾರತದ ಅಹವಾಲನ್ನು ಬ್ರಿಟಿಷ್ ಜನರಿಗೆ ಮುಟ್ಟಿಸುವ ಕಚೇರಿಯೊಂದನ್ನು ಲಂಡನ್ನಿನಲ್ಲಿ ನಡೆಸಿದರು. ತಾವೂ ಎರಡು ಸಲ ಸಂಸತ್ತಿಗೆ ಸ್ಪರ್ಧಿಸಿ ಸೋತರು. ಅವರು ಸೋತ ಕಡೆಗಳಲ್ಲಿ ಬಣ್ಣದ ಪ್ರಶ್ನೆ ಇರಲಿಲ್ಲ. ಕ್ಷೇತ್ರ ಒಲಿಯದಿದ್ದರೆ ಇಂಗ್ಲಿಷರಿಗೂ ಅಷ್ಟೇ ಎಂಬುದಕ್ಕೆ ಅವರೇ ಉದಾಹರಣೆ.

ಇಷ್ಟಾದ ಮೇಲೆ ಎದುರುವಾದಗಳನ್ನು ನೋಡೋಣ. 1892 ಲಿಬರಲರ ವರ್ಷವಾಗಿತ್ತು, ಗ್ಲಾಡ್‌ಸ್ಟನ್ ಐರಿಷ್ ಸದಸ್ಯರ ಬೆಂಬಲದಿಂದ ಮತ್ತೆ ಅಧಿಕಾರಕ್ಕೆ ಬಂದರು, ಲಂಡನ್ನಿನಲ್ಲೂ ಪಕ್ಷದ ಸ್ಥಾನ ಏರಿತು, ನವರೋಜಿ ಆ ಅಲೆಯಲ್ಲಿ ತೇಲಿ ಬಂದರು ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ. 1885ರಲ್ಲಿ ಈ ಕ್ಷೇತ್ರ ಲಿಬರಲರದ್ದಾಗಿತ್ತು, 1886ರಲ್ಲಿ ಕೈತಪ್ಪಿತ್ತು, 1892ರಲ್ಲಿ ಮರಳಿತು. ದೇಶದ ಗಾಳಿಯ ಜೊತೆಗೆ ಕ್ಷೇತ್ರವೂ ತಿರುಗಿದ್ದು ನಿಜ. ಅಂತರ 3 ಮತಗಳಷ್ಟೇ ಇದ್ದಾಗ ಯಾವ ಒಂದು ಕಾರಣವನ್ನು ಹಿಡಿದು ತೋರಿಸಿದರೂ ಅದಿಲ್ಲದಿದ್ದರೆ ಸೋಲುತ್ತಿದ್ದರು ಎನ್ನಬಹುದು ಎಂಬ ಇನ್ನೂ ಗಟ್ಟಿಯಾದ ಆಕ್ಷೇಪವೂ ಇದೆ. ಅಂತರದ ಅಂಕಿಯೊಂದರಿಂದಲೇ ಏನನ್ನೂ ಸಾಧಿಸಲಾಗದು ಎಂಬುದನ್ನು ಒಪ್ಪುತ್ತೇನೆ. ಹಾಗಾಗಿ ಕೇಳಬೇಕಾದ ಪ್ರಶ್ನೆಯನ್ನು ಬದಲಿಸಬೇಕು: ಅಲೆ ಎಷ್ಟೇ ಇದ್ದರೂ ಅದರ ಜೊತೆ ಬೇರೆಯವರು ಕ್ಷೇತ್ರದ ದುಡಿಮೆ ಇಲ್ಲದೆ ನಿಂತಾಗ, ಅಥವಾ ನವರೋಜಿಯವರೇ ಅದಿಲ್ಲದೆ ನಿಂತಾಗ, ಏನಾಯಿತು? ಇದಕ್ಕೆ ಉತ್ತರ ಅವರು ಮುಂದೆ ನಿಂತ ಎರಡು ಚುನಾವಣೆಗಳಲ್ಲಿದೆ.

ಎರಡನೆಯ ವಾದ ಸಾಲ್ಸ್‌ಬರಿಯ ಬೈಗುಳವೇ ವರವಾಯಿತು ಎನ್ನುವುದು. ಬೈಗುಳದಿಂದ ಹೆಸರು ಬಂದದ್ದು ಹೌದು. ಆದರೆ ಕಾಲಾನುಕ್ರಮ ಈ ವಾದಕ್ಕೆ ಒಗ್ಗುವುದಿಲ್ಲ. ಕ್ಲರ್ಕೆನ್‌ವೆಲ್ಲಿನ ಸಂಘ ಅವರನ್ನು ಆರಿಸಿದ್ದು ಸಾಲ್ಸ್‌ಬರಿ ಬಾಯಿಬಿಡುವ ಮೊದಲು. ಬಾಯಿಬಿಟ್ಟ ಮೇಲೂ ಒಳಜಗಳ ನಿಲ್ಲಲಿಲ್ಲ. ಔತಣಕೂಟದಲ್ಲಿ ಚಪ್ಪಾಳೆ ತಟ್ಟಿದ ಪಕ್ಷವೇ ಕ್ಷೇತ್ರದಲ್ಲಿ ಅವರ ಕೈಹಿಡಿಯಲು ಹಿಂದೇಟು ಹಾಕಿತು. ಸಹಾನುಭೂತಿಯ ಆಯುಷ್ಯ ಎಷ್ಟು ಎಂಬುದನ್ನೂ ಗಮನಿಸಬೇಕು. 1888ರ ನವೆಂಬರಿನಲ್ಲಿ ಎದ್ದ ಕೋಪ 1892ರ ಜುಲೈವರೆಗೆ ತಾನಾಗಿಯೇ ಉಳಿಯಬೇಕಾದರೆ, ಅದನ್ನು ಒಬ್ಬೊಬ್ಬ ಮತದಾರನ ಹೆಸರಾಗಿ ಪಟ್ಟಿಯ ಮೇಲೆ ಇಳಿಸುವವರು ಬೇಕು. ಜನಾಂಗೀಯ ನಿಂದೆಗೆ ಮತದಾರರು ಕೊಟ್ಟ ಛೀಮಾರಿ ಇದಾಗಿದ್ದರೆ, ಅದು 2,956 ಮಂದಿಗೆ ತಟ್ಟಿರಲಿಲ್ಲ ಎಂಬುದನ್ನೂ ನಾವು ಎಣಿಸಬೇಕಾಗುತ್ತದೆ.

ಮೂರನೆಯ ಆಕ್ಷೇಪ ನೈತಿಕವಾದದ್ದು, ಅದನ್ನು ತಳ್ಳಿಹಾಕಬಾರದು. ನವರೋಜಿಯವರ ಗುರಿ ಭಾರತ. ಕ್ಲರ್ಕೆನ್‌ವೆಲ್ ಅವರಿಗೆ ಏಣಿ ಮಾತ್ರ. ಎಂಟು ಗಂಟೆಯ ದುಡಿಮೆ, ನಗರಾಡಳಿತ ಎಂದೆಲ್ಲ ಮಾತಾಡಿದ್ದು ಮತ ಪಡೆಯುವ ಉಪಾಯ ಎನ್ನುವವರಿದ್ದಾರೆ. ಅವರು ಬಂದ ಉದ್ದೇಶ ಭಾರತವೇ, ಅನುಮಾನವಿಲ್ಲ. ಅದನ್ನು ಅವರು ಯಾವತ್ತೂ ಅಡಗಿಸಲಿಲ್ಲ. ಸದನದಲ್ಲಿ ಮಾಡಿದ ಮೊದಲ ಭಾಷಣದಲ್ಲೇ ತಮ್ಮನ್ನು ಆರಿಸಿದ ಸೆಂಟ್ರಲ್ ಫಿನ್ಸ್‌ಬರಿ ಭಾರತದ ಕೋಟ್ಯಂತರ ಜನರ ಕೃತಜ್ಞತೆಗೆ ಪಾತ್ರವಾಗಿದೆ ಎಂದರು. ಆದರೆ ಎರಡು ನಿಷ್ಠೆಗಳು ಇರುವುದೇ ವಂಚನೆ ಎನ್ನುವುದಾದರೆ, ಸಾಮ್ರಾಜ್ಯದ ಸಂಸತ್ತಿನಲ್ಲಿ ಕೂತು ಭಾರತದ ಮೇಲೆ ತೆರಿಗೆ ಹೇರುತ್ತಿದ್ದ ಪ್ರತಿಯೊಬ್ಬ ಸದಸ್ಯನೂ ತನಗೆ ಮತ ಹಾಕದವರ ಮೇಲೆ ತೀರ್ಮಾನ ಮಾಡುತ್ತಿದ್ದವನೇ. ಅವರಲ್ಲಿ ಯಾರನ್ನೂ ಈ ಪ್ರಶ್ನೆ ಕೇಳಿದವರಿಲ್ಲ. ಐರ್ಲೆಂಡಿನ ವಿಷಯದಲ್ಲಾಗಲಿ ಹೆಂಗಸರ ಹಕ್ಕಿನ ವಿಷಯದಲ್ಲಾಗಲಿ ನವರೋಜಿಯವರ ನಿಲುವು ಅವರ ಭಾರತದ ನಿಲುವಿನಿಂದಲೇ ಹೊಮ್ಮಿದ್ದು: ಆಳಿಸಿಕೊಳ್ಳುವವರಿಗೆ ಆಳುವುದರಲ್ಲಿ ಪಾಲು ಬೇಕು. ಮತವಿಲ್ಲದ ಲಾಡ್ಜರ್, ಮತವಿಲ್ಲದ ಹೆಂಗಸು, ಮತವಿಲ್ಲದ ಭಾರತೀಯ ಮೂವರದ್ದೂ ಆ ಲೆಕ್ಕದಲ್ಲಿ ಒಂದೇ ಅಹವಾಲು.

ಸಂಸತ್ತಿನಲ್ಲಿ ಅವರು ಕಳೆದ ಮೂರು ವರ್ಷಗಳನ್ನು ಇಲ್ಲಿ ಬೇಗ ದಾಟಬಹುದು. ಪೆಂಟನ್ ಹಾಕಿದ್ದ ಚುನಾವಣಾ ತಕರಾರು ಅರ್ಜಿ ಹಿಂದಕ್ಕೆ ಹೋಯಿತು. ಬೈಬಲ್ಲಿನ ಬದಲು ಪಾರ್ಸಿಗಳ ಧರ್ಮಗ್ರಂಥ ಹಿಡಿದು ಪ್ರಮಾಣ ಮಾಡಿದರು. ಸಿವಿಲ್ ಸರ್ವಿಸ್ ಪರೀಕ್ಷೆ ಭಾರತದಲ್ಲೂ ಇಂಗ್ಲೆಂಡಿನಲ್ಲೂ ಏಕಕಾಲಕ್ಕೆ ನಡೆಯಬೇಕೆಂಬ ನಿರ್ಣಯ 1893ರ ಜೂನ್ 2ರಂದು 84-76 ಮತಗಳಿಂದ ಗೆದ್ದಿತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ಅದೇ ವರ್ಷದ ಕೊನೆಗೆ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷತೆಗಾಗಿ ಭಾರತಕ್ಕೆ ಬಂದಾಗ ಜನ ದಾರಿಯುದ್ದಕ್ಕೂ ನೆರೆದರು. ಭಾರತದ ಖರ್ಚುವೆಚ್ಚದ ಬಗ್ಗೆ 1895ರಲ್ಲಿ ನೇಮಕವಾದ ವೆಲ್ಬಿ ಆಯೋಗದಲ್ಲಿ ಸದಸ್ಯರಾದರು.

1895ರ ಚುನಾವಣೆಯಲ್ಲಿ ಅವರು ಸೋತರು. ಭಾರತದ ಕೆಲಸದಲ್ಲಿ ಮುಳುಗಿ ಕ್ಷೇತ್ರವನ್ನು ಮರೆತದ್ದಕ್ಕೆ ಸಿಕ್ಕ ಶಿಕ್ಷೆ ಎಂದು ಈ ಸೋಲನ್ನು ವಿವರಿಸುವವರಿದ್ದಾರೆ. ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕನ್ಸರ್ವೇಟಿವ್ ಅಭ್ಯರ್ಥಿ ಮಾಸ್ಸಿ ಮೇನ್‌ವೇರಿಂಗ್‌ಗೆ 3,588, ನವರೋಜಿಯವರಿಗೆ 2,783, ಅಂತರ 805. ನವರೋಜಿಯವರ ಮತ ಇಳಿದದ್ದು 176 ಮಾತ್ರ. ಎದುರು ಪಕ್ಷದ ಮತ ಏರಿದ್ದು 632. ಮತದಾರರ ಪಟ್ಟಿ ವರ್ಷವರ್ಷವೂ ಬದಲಾಗುತ್ತಿದ್ದ ಕಾರಣ ಅವೇ ಜನ ಅವರ ಜೊತೆ ಉಳಿದರು ಎಂದು ಹೇಳಲು ಬರುವುದಿಲ್ಲ. ಆದರೂ ಲಿಬರಲ್ ಪಕ್ಷ ದೇಶದ ತುಂಬ ಧೂಳೀಪಟವಾದ ಆ ವರ್ಷ, ಅವರು ಕಟ್ಟಿದ ನೆಲೆ ಕುಸಿದುಬಿದ್ದಿರಲಿಲ್ಲ ಎಂಬುದಂತೂ ಕಾಣುತ್ತದೆ. ಅಂತರದ ಬಹುಪಾಲು ಬಂದದ್ದು ಎದುರಾಳಿಗಳು ಹೊಸದಾಗಿ ಕೂಡಿಸಿದ ಮತದಿಂದ. ಅದೇ ಚುನಾವಣೆಯಲ್ಲಿ ಮತ್ತೊಬ್ಬ ಪಾರ್ಸಿ, ಮಂಚೇರ್ಜಿ ಭಾವನಗರಿ, ಕನ್ಸರ್ವೇಟಿವ್ ಪಕ್ಷದಿಂದ ಬೆತ್ನಲ್ ಗ್ರೀನ್ ಈಶಾನ್ಯ ಕ್ಷೇತ್ರದಲ್ಲಿ ನಿಂತು ಕಾರ್ಮಿಕ ನಾಯಕ ಜಾರ್ಜ್ ಹೋವೆಲ್ಲರನ್ನು 160 ಮತಗಳಿಂದ ಸೋಲಿಸಿದರು. ಕರಿಯನನ್ನು ಬ್ರಿಟಿಷ್ ಕ್ಷೇತ್ರ ಆರಿಸದು ಎಂದ ಸಾಲ್ಸ್‌ಬರಿಯ ಪಕ್ಷವೇ ಭಾರತೀಯನೊಬ್ಬನಿಗೆ ಟಿಕೆಟ್ ಕೊಟ್ಟು ಗೆಲ್ಲಿಸಿಕೊಂಡಿತ್ತು. ಲಿಬರಲ್ ಔದಾರ್ಯವೇ ಕಾರಣ ಎಂಬ ಕಥೆ ಇಲ್ಲಿ ನಿಲ್ಲುವುದಿಲ್ಲ.

ಕೊನೆಯ ಸಾಕ್ಷ್ಯ 1906ರದ್ದು. ಆಗ ನವರೋಜಿಯವರಿಗೆ ಎಂಬತ್ತು ವರ್ಷ. ಅವರ ಹೆಸರು 1892ರಲ್ಲಿ ಇದ್ದದ್ದಕ್ಕಿಂತ ಎಷ್ಟೋ ದೊಡ್ಡದಾಗಿತ್ತು. ಭಾರತದ ಬಡತನದ ಬಗೆಗಿನ ಅವರ ದೊಡ್ಡ ಗ್ರಂಥ ಲಂಡನ್ನಿನಲ್ಲಿ 1901ರಲ್ಲಿ ಹೊರಬಂದಿತ್ತು. ಲಿಬರಲ್ ಅಲೆ 1892ಕ್ಕಿಂತ ಬಲು ಜೋರಾಗಿತ್ತು. ಪಕ್ಷ ಭಾರೀ ಬಹುಮತದಿಂದ ಗೆದ್ದ ಚುನಾವಣೆ ಅದು. ಖ್ಯಾತಿಯೂ ಇತ್ತು, ಅಲೆಯೂ ಇತ್ತು. ಅವರು ಈ ಸಲ ನಿಂತ ನಾರ್ತ್ ಲ್ಯಾಂಬೆತ್‌ನಲ್ಲಿ ಇಲ್ಲದಿದ್ದದ್ದು ಕ್ಲರ್ಕೆನ್‌ವೆಲ್ಲಿನಂತೆ ಬೆನ್ನಿಗೆ ನಿಲ್ಲುವ ಸಂಘ. ಅಲ್ಲಿ ಅಧಿಕೃತ ಲಿಬರಲ್ ಅಭ್ಯರ್ಥಿ ಹೊರೇಷಿಯೊ ಮೈಯರ್; ನವರೋಜಿ ಸ್ವತಂತ್ರರಾಗಿ ನಿಂತು 733 ಮತ ಪಡೆದು ಮೂರನೆಯ ಸ್ಥಾನಕ್ಕೆ ಇಳಿದರು. ಗೆಲುವನ್ನು ಅಲೆಗೂ ಅವಮಾನಕ್ಕೂ ಒಪ್ಪಿಸುವವರು ಈ 733ನ್ನು ವಿವರಿಸಲಾರರು. ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತಾ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಿಂದ ನವರೋಜಿ ಸ್ವರಾಜ್ಯವೇ ಭಾರತದ ಗುರಿ ಎಂದು ಸಾರಿದರು. ಬ್ರಿಟಿಷ್ ಸಂಸತ್ತಿಗೆ ಮತ್ತೆ ಸ್ಪರ್ಧಿಸಲಿಲ್ಲ.